ಕ್ಯಾಸನೂರಿನ ಸುದ್ದಿ

ಚರಿತ್ರೆಯೆಂದರೆ ಶಾಸನ, ತಾಮ್ರಪಟ, ಬಖೈರು, ಕಡತ ಎಂದು ನಂಬಿಕೊಂಡವರ ಸಾಲಿನಲ್ಲಿ ನಾನೂ ಒಬ್ಬ. ಆದರೆ ಇಂದು ನಾನು ಹೇಳಹೊರಟಿರುವ ಚರಿತ್ರೆಯ ಮೊದಲ ಸಾಕ್ಷಿಗಳು ಏನನ್ನೂ ಬರೆದಿಟ್ಟವರಲ್ಲ. ಸೌದೆಗೆಂದೋ, ತಪ್ಪಿಸಿಕೊಂಡ ದನವನ್ನು ಅರಸಿಕೊಂಡೋ ಕಾಡಿಗೆ ಹೋದವರು ಅವರು. ಮರದ ಬುಡದಲ್ಲಿ ಸತ್ತುಬಿದ್ದ ಮಂಗಗಳನ್ನು ಕಂಡು ಊರಿಗೆ ಹಿಂತಿರುಗಿ ನಾಲ್ಕು ಜನಕ್ಕೆ ಹೇಳಿದರು. ನಾನು ಓದಿದ ವರದಿಗಳಲ್ಲಿ ಅವರ ಹೆಸರುಗಳಿಲ್ಲ. ಅವರು ತಂದ ಸುದ್ದಿಯಿಂದಾಗಿ ಮಾತ್ರ ಶಿವಮೊಗ್ಗೆ ಜಿಲ್ಲೆಯ ಸೊರಬ ತಾಲೂಕಿನ ಒಂದು ಸಣ್ಣ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಗ್ರಂಥಗಳಲ್ಲಿ ಅದು ‘ಕ್ಯಾಸನೂರು ಅರಣ್ಯರೋಗ’. ಊರವರ ಬಾಯಲ್ಲಿ ಅಂದಿಗೂ ಇಂದಿಗೂ ‘ಮಂಗನ ಕಾಯಿಲೆ’.

1957ನೆಯ ಇಸವಿ. ರಾಜ್ಯಗಳ ಪುನರ್ವಿಂಗಡಣೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸೊರಬ, ಸಾಗರ, ಶಿಕಾರಿಪುರ ತಾಲೂಕುಗಳ ಆ ಸೀಮೆಯನ್ನು ನೋಡಿದವರಿಗೆ ಅದರ ಚಹರೆ ಗೊತ್ತು: ಕಣಿವೆಯಲ್ಲಿ ಅಡಕೆಯ ತೋಟ, ಬಯಲಿನಲ್ಲಿ ಗದ್ದೆ, ಸುತ್ತ ಬೆಟ್ಟ, ಬೆಟ್ಟದಾಚೆ ಕಾಡು. ಊರು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಅಲ್ಲಿಯ ರೈತನಿಗೂ ಮಂಗಕ್ಕೂ ಇರುವ ಸಂಬಂಧ ವಿಚಿತ್ರವಾದದ್ದು. ಎಳೆಯ ಅಡಕೆಯನ್ನೂ ಬಾಳೆಯ ಗೊನೆಯನ್ನೂ ಹಾಳುಮಾಡುವ ಕೋತಿಯನ್ನು ಅವನು ಬೆಳಗಿನಿಂದ ಬೈಗಿನವರೆಗೆ ಶಪಿಸುತ್ತಾನೆ. ಸಂಜೆ ಹನುಮಂತನ ಗುಡಿಯಲ್ಲಿ ಕೈಮುಗಿಯುತ್ತಾನೆ. ಸತ್ತ ಕೋತಿಗೆ ಹೂವು ಏರಿಸಿ ಮಣ್ಣು ಮಾಡುವ ರೂಢಿ ನಮ್ಮ ಅನೇಕ ಊರುಗಳಲ್ಲಿದೆ. ಕಾಡಿನಲ್ಲಿ ಮುಳ್ಳುಹಂದಿ ಸತ್ತರೆ ಯಾರೂ ಕೇಳುವುದಿಲ್ಲ. ಮಂಗ ಸತ್ತರೆ ಸುದ್ದಿಯಾಗುವ ದೇಶ ನಮ್ಮದು. ರೋಗದ ಚರಿತ್ರೆಯಲ್ಲಿ ಈ ಸಣ್ಣ ಸಂಗತಿಗೆ ದೊಡ್ಡ ಪಾತ್ರವಿದೆಯೆಂದು ನನ್ನ ಎಣಿಕೆ.

ಆ ಬೇಸಗೆಯಲ್ಲಿ ಸತ್ತದ್ದು ಒಂದೆರಡಲ್ಲ. ಕಪ್ಪು ಮೋರೆಯ ಮುಸುವಗಳೂ ಕೆಂಪು ಮೋರೆಯ ಕೋತಿಗಳೂ ಸಾಯತೊಡಗಿದವು. ಅದರ ಜೊತೆಯಲ್ಲೇ ಊರಿನವರಿಗೆ ಜ್ವರ. ಸಾಮಾನ್ಯ ಜ್ವರವಲ್ಲ: ಇದ್ದಕ್ಕಿದ್ದಂತೆ ಏರುವ ಕಾವು, ತಲೆ ಸಿಡಿಯುವ ನೋವು, ಸೊಂಟ ಕಾಲುಗಳ ಸ್ನಾಯುಗಳನ್ನು ಹಿಂಡುವ ಯಾತನೆ, ಕೆಲವರಿಗೆ ಮೂಗಿನಿಂದಲೂ ವಸಡಿನಿಂದಲೂ ರಕ್ತ. ಇಳಿದ ಜ್ವರ ವಾರವೊಂದೆರಡು ಕಳೆದು ಮತ್ತೆ ಬಂದು ಮೆದುಳಿಗೇರುವುದೂ ಉಂಟು. ಕಾಡಿಗೆ ಹೋದವರಿಗೇ ಇದು ಬರುತ್ತದೆ, ಮಂಗ ಸತ್ತ ಕಡೆಯೇ ಬರುತ್ತದೆ ಎಂಬುದನ್ನು ಮೊದಲು ಜೋಡಿಸಿ ನೋಡಿದವರು ಹಳ್ಳಿಗರು. ಅವರಿಟ್ಟ ಹೆಸರಿನಲ್ಲೇ ಅರ್ಧ ನಿದಾನವಿತ್ತು.

ಸುದ್ದಿ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಮುಟ್ಟಿ, ಅಲ್ಲಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ತೆರೆದ ಸಂಸ್ಥೆ ಅದು. ಪುಣೆಯವರು ಬೆಚ್ಚಿದರು, ಅದಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಲಾಗಿ ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆ. ಆ ಜ್ವರವನ್ನು ಹರಡುವ ಸೊಳ್ಳೆ ನಮ್ಮ ಮನೆಮನೆಯ ನೀರಿನ ತೊಟ್ಟಿಯಲ್ಲಿದೆ. ಜ್ವರ ಮಾತ್ರ ಏಷ್ಯಕ್ಕೆ ಕಾಲಿಟ್ಟಿರಲಿಲ್ಲ. ಅದು ಬಂದೇಬಿಟ್ಟಿತೆ? ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಪಿ. ಕೆ. ರಾಜಗೋಪಾಲನ್ ಮೊದಲಾದವರು ಕ್ಯಾಸನೂರಿನ ಕಾಡಿಗೆ ಬಂದರು. ಸೊಳ್ಳೆಯನ್ನು ಶಂಕಿಸಿ ಬಂದವರಿಗೆ ಉತ್ತರ ಸಿಕ್ಕಿದ್ದು ಕಾಲಿನ ಬಳಿ ಎನ್ನಬೇಕು. ಬಿಳಿಯ ಬಟ್ಟೆಯನ್ನು ಕುರುಚಲು ಗಿಡಗಳ ಮೇಲೆ ಎಳೆದುಕೊಂಡು ಹೋದರೆ ಅದರ ತುಂಬ ಸಾಸಿವೆಯಂತೆ ಕಚ್ಚಿಕೊಳ್ಳುತ್ತಿದ್ದ ಉಣುಗುಗಳಲ್ಲಿ, ಸತ್ತ ಮಂಗದಲ್ಲಿ, ಜ್ವರದವರ ರಕ್ತದಲ್ಲಿ ಒಂದೇ ವೈರಸ್ ದೊರೆಯಿತು. ಅದು ಹಳದಿ ಜ್ವರದ್ದಲ್ಲ. ರಷ್ಯದ ಕಾಡುಗಳಲ್ಲಿ ಉಣುಗಿನಿಂದಲೇ ಹರಡುವ ಒಂದು ಮೆದುಳುಜ್ವರದ ಹತ್ತಿರದ ನೆಂಟ; ಆದರೂ ಜಗತ್ತಿಗೆ ಹೊಸದು.

ಈ ಉಣುಗಿನ ಸಂಸಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಪಂಚಾಂಗದಂತೆಯೇ ನಡೆಯುತ್ತದೆ. ಮಳೆಗಾಲದಲ್ಲಿ ಬೆಳೆದ ಉಣುಗು ದೊಡ್ಡ ಪ್ರಾಣಿಯ ಮೈಮೇಲೆ, ಬಹುಪಾಲು ನಮ್ಮ ಮೇಯುವ ದನದ ಮೇಲೆ, ರಕ್ತ ಹೀರಿ ಕೆಳಗುದುರಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಹುಟ್ಟಿದ ಮರಿಗಳು ಇಲಿ, ಮೂಗಿಲಿ, ಹಕ್ಕಿಗಳನ್ನು ಆಶ್ರಯಿಸುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ನಡುಪ್ರಾಯ. ಎಳ್ಳುಕಾಳಿನಷ್ಟಿರುವ ಈ ಅವಸ್ಥೆಯಲ್ಲೇ ಅದು ಮಂಗವನ್ನೂ ಮನುಷ್ಯನನ್ನೂ ಕಚ್ಚುವುದು. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೈಮೇಲಿನ ಉಣುಗುಗಳೆಲ್ಲ ಇಳಿದು ಸುತ್ತಲಿನ ತರಗೆಲೆಯಲ್ಲಿ ಕಾದು ಕುಳಿತಿರುತ್ತವೆ. ಹೂವು ಏರಿಸಲು ಬಂದವನ ಭಕ್ತಿಯನ್ನು ಅವು ಲೆಕ್ಕಿಸುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಅಂಟುವುದಿಲ್ಲವೆಂಬುದೊಂದೇ ಸಮಾಧಾನ.

ಇನ್ನು ಮಲೆನಾಡಿನ ರೈತನ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸುಗ್ಗಿ ಮುಗಿದು ಎಲೆ ಉದುರುವ ಕಾಲ ಅದೇ. ಸೊಪ್ಪಿನ ಬೆಟ್ಟದಲ್ಲಿ ತರಗು ಗುಡಿಸಿ, ಕಲ್ಲಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಕೊಟ್ಟಿಗೆಗೆ ತಂದು ಹಾಸುವ ಕಾಲ. ಮಳೆಗಾಲಕ್ಕೆ ಸೌದೆ ಕೂಡಿಡುವ ಕಾಲ. ಜೇನು, ಸೀಗೆ, ವಾಟೆಹುಳಿಯ ಕಾಲ. ಈ ಕಾಲದಲ್ಲಿ ‘ಕಾಡಿಗೆ ಹೋಗಬೇಡಿ’ ಎಂದು ಗೋಡೆಗೆ ಭಿತ್ತಿಪತ್ರ ಅಂಟಿಸಿದರೆ ತೋಟದವರು ಓದಿ ನಗುತ್ತಾರೆ. ತರಗಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ತೋಟವಿಲ್ಲದ ಕೂಲಿಯವನಂತೂ ಕಾಡನ್ನು ಬಿಟ್ಟು ಎಲ್ಲಿಗೆ ಹೋಗಬೇಕು?

1960ರ ದಶಕದಲ್ಲಿ ಸಾಗರದ ಕ್ಷೇತ್ರಕೇಂದ್ರಕ್ಕೆ ಹಾರ್ಹೆ ಬೊಶೆಲ್ ಎಂಬ ಕೊಲಂಬಿಯದ ವೈದ್ಯರು ಬಂದರು. ತಮ್ಮ ದೇಶದ ಕಾಡಿನಲ್ಲಿ ಮರಕಡಿಯುವವರನ್ನು ಗಮನಿಸುತ್ತ, ಮರ ಉರುಳಿದಾಗ ತುದಿಯಲ್ಲಿದ್ದ ನೀಲಿಯ ಸೊಳ್ಳೆಗಳು ನೆಲಕ್ಕಿಳಿದು ಜನರನ್ನು ಕಚ್ಚುವುದನ್ನು ಕಂಡು, ಅಡವಿಯ ಹಳದಿ ಜ್ವರದ ಗುಟ್ಟನ್ನು ಬಿಡಿಸಿದವರಲ್ಲಿ ಅವರೊಬ್ಬರು. ದುಡಿಯುವವರ ಬದುಕನ್ನು ನೋಡಿ ರೋಗವನ್ನು ತಿಳಿಯುವ ಆ ಕಣ್ಣನ್ನೇ ಅವರು ನಮ್ಮ ಮಲೆನಾಡಿಗೂ ತಂದರು. 1969ರಲ್ಲಿ ಅವರು ಬರೆದ ಪ್ರಬಂಧದ ಸಾರ ಹೀಗೆ: ಈ ವೈರಸ್ ಹಿಂದಿನಿಂದಲೂ ಕಾಡಿನ ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಇದ್ದಿರಬೇಕು; ಜನ ಹೆಚ್ಚಿ, ದನ ಹೆಚ್ಚಿ, ಕಾಡು ತುಂಡುತುಂಡಾಗಿ, ಅಂಚಿನಲ್ಲಿ ಲಂಟಾನದ ಪೊದೆ ಬೆಳೆದಾಗ ಉಣುಗಿಗೆ ಸುಗ್ಗಿಯಾಯಿತು. ರೋಗ ಹೊರಗಿನಿಂದ ಬಂದದ್ದಲ್ಲ, ಒಳಗಿನಿಂದ ಎದ್ದದ್ದು ಎಂದಾಯಿತು.

ಹೊರಗಿನಿಂದ ಬಂದಿತೆಂಬ ಇನ್ನೊಂದು ಊಹೆಯೂ ಇತ್ತು. ರಷ್ಯದ ರೋಗಕ್ಕೆ ನಂಟೆಂದಮೇಲೆ ವಲಸೆಯ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ಪ್ರಕೃತಿ ಚರಿತ್ರೆ ಸಂಘ ಸಾಲಿಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಮುಂದೆ ಆ ಕೆಲಸಕ್ಕೆ ಅಮೆರಿಕದ ಸೇನೆಯ ಹಣವೂ ಸೇರಿದ್ದರಿಂದ, ಇದು ರೋಗಾಣುಗಳ ಯುದ್ಧದ ಸಿದ್ಧತೆಯೆಂಬ ಗುಮಾನಿ ಎದ್ದು, 1975ರ ಹೊತ್ತಿಗೆ ಲೋಕಸಭೆಯ ಲೆಕ್ಕಪತ್ರ ಸಮಿತಿಯವರೆಗೂ ಹೋಯಿತು. ಸಾಲಿಂ ಅಲಿಯವರು ಆಪಾದನೆಯನ್ನು ಅಲ್ಲಗಳೆದರು. ಹಕ್ಕಿಗಳು ತಂದವೆಂಬುದು ಸಿದ್ಧಪಡಲಿಲ್ಲ. ದೆಹಲಿಯಲ್ಲಿ ಇಷ್ಟೆಲ್ಲ ಗದ್ದಲವಾದರೂ ಸೊರಬದ ರೈತನಿಗೆ ಆದ ಲಾಭವೇನೂ ಇಲ್ಲ. ಅವನ ಬೆಟ್ಟದ, ಅವನ ದನದ, ಅವನ ಜ್ವರದ ಮೇಲಿನ ಜ್ಞಾನವೆಲ್ಲ ಇಂಗ್ಲಿಷಿನ ನಿಯತಕಾಲಿಕೆಗಳಲ್ಲಿ ಅಚ್ಚಾಗುತ್ತಿತ್ತು. 1958ರ ಸುಮಾರಿಗೆ ಆ ರಷ್ಯದ ರೋಗಕ್ಕೆಂದು ಮಾಡಿದ ಲಸಿಕೆಯನ್ನು ತಂದು ನಮ್ಮವರಿಗೆ ಚುಚ್ಚಿ ನೋಡಿದ್ದೂ ಆಗಿತ್ತು. ಅದು ಫಲ ಕೊಡಲಿಲ್ಲ.

ಮಲೆನಾಡಿನ ರೈತ ಹೊಸದಕ್ಕೆ ಬಾಗಿಲು ಹಾಕಿಕೊಳ್ಳುವವನು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ತೋರಿಸಿಕೊಟ್ಟರು. ಅದುವರೆಗೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದ ತೋಟದವರು ಮೈಲುತುತ್ತವನ್ನು ಎಷ್ಟು ತಮ್ಮದಾಗಿ ಮಾಡಿಕೊಂಡರೆಂದರೆ, ಮಳೆ ಹಿಡಿಯುವ ಮೊದಲು ಮದ್ದು ಹೊಡೆಯದ ತೋಟ ಇಂದು ನಾಚಿಕೆಯ ವಿಷಯ. ಅಲ್ಲಿ ಮದ್ದು ಹೊಡೆದ ಗೊನೆಯೂ ಹೊಡೆಯದ ಗೊನೆಯೂ ಒಂದೇ ಮಳೆಗಾಲದಲ್ಲಿ ಅಕ್ಕಪಕ್ಕ ಕಾಣುತ್ತಿದ್ದವು. ಅಧಿಕಾರಿಯ ಮಾತನ್ನು ನಂಬಬೇಕಾದ ಅಗತ್ಯವೇ ಇರಲಿಲ್ಲ. ಮಂಗನ ಕಾಯಿಲೆಯಲ್ಲಿ ಹಾಗೆ ತೋರಿಸುವಂಥದು ಏನೂ ಇಲ್ಲ. ಒಂದು ವರ್ಷ ಒಂದೂರಿನಲ್ಲಿ ಬಂದದ್ದು ಮರುವರ್ಷ ಅಲ್ಲಿರುವುದಿಲ್ಲ, ಹತ್ತು ಮೈಲಿ ಆಚೆ ಏಳುತ್ತದೆ. ಬಾರದೆ ಹೋದ ಜ್ವರವನ್ನು ಯಾರಿಗೆ ತೋರಿಸುವುದು?

ಎಪ್ಪತ್ತರ ದಶಕದಿಂದೀಚೆಗೆ ಕಾಯಿಲೆ ತನ್ನ ಮೂರು ತಾಲೂಕುಗಳ ಬೇಲಿಯನ್ನು ದಾಟಿತು. ಅದರ ಅತ್ಯಂತ ಭೀಕರವಾದ ಅಧ್ಯಾಯ ನಡೆದದ್ದು ಘಟ್ಟದ ಕೆಳಗೆ, ಬೆಳ್ತಂಗಡಿ ತಾಲೂಕಿನಲ್ಲಿ. 1982ರ ಕೊನೆಯಲ್ಲಿ ಅಲ್ಲಿಯ ನಿಡ್ಲೆಯ ಕಡೆಯ ಮೀಸಲು ಅರಣ್ಯವನ್ನು ಗೇರುತೋಟಕ್ಕೆಂದು ಕಡಿಸುತ್ತಿದ್ದರು. ಮಂಗಗಳು ಸತ್ತವು, ಹಿಂದೆಯೇ ಕಡಿಯುವ ಕೂಲಿಗಳು ಮಲಗಿದರು, ಆಮೇಲೆ ಸುತ್ತಲಿನ ಊರುಗಳು. ಎರಡು ಋತುಗಳಲ್ಲಿ ಸಾವಿರಕ್ಕೂ ಮಿಕ್ಕಿ ಜನ ಕಾಯಿಲೆ ಬಿದ್ದರು, ಎಷ್ಟೋ ಮನೆಗಳಲ್ಲಿ ದುಡಿಯುವವರೇ ಹೋದರು. ಈ ಪ್ರಕರಣವನ್ನು ಕುರಿತು ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1987ರಲ್ಲಿ ಒಂದು ಲೇಖನ ಬರೆದ. ಕಾಯಿಲೆಗೆ ಆತ ಕೊಟ್ಟ ವಿಶೇಷಣ ‘ಅಭಿವೃದ್ಧಿಯ ರೋಗ’.

ಕಾಡನ್ನು ಕಡಿದದ್ದರಿಂದ ದೈವಗಳು ಮುನಿದಿವೆ ಎಂದು ಅಲ್ಲಿ ಅನೇಕರು ನಂಬಿದ್ದರೆಂಬ ಸಂಗತಿಯನ್ನೂ ಆತ ದಾಖಲಿಸಿದ್ದಾನೆ. ವಿದ್ಯಾವಂತರು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ನನಗೆ ಬೊಶೆಲ್ಲರ ಪ್ರಬಂಧವನ್ನೂ ತುಳುನಾಡಿನ ಆ ಮಾತನ್ನೂ ಜೊತೆಗಿಟ್ಟುಕೊಂಡು ನೋಡುವ ಆಸೆ. ಕಾಡಿಗೆ ಒಬ್ಬ ಒಡೆಯನಿದ್ದಾನೆ, ಅವನ ಎಲ್ಲೆಯನ್ನು ಕೇಳದೆ ಮುರಿದರೆ ಮುರಿದವನ ಮನೆಗೆ ಜ್ವರ ಬರುತ್ತದೆ ಎಂಬುದರಲ್ಲಿ ‘ಒಡೆಯ’ ಎನ್ನುವ ಕಡೆ ಉಣುಗು, ಇಲಿ, ಮಂಗ, ದನಗಳ ಸರಪಣಿಯನ್ನು ಇಟ್ಟು ಓದಿದರೆ ಎರಡು ಮಾತೂ ಒಂದೇ ದಾರಿಯಲ್ಲಿ ಬಹಳ ದೂರ ನಡೆಯುತ್ತವೆ. ಕೊನೆಯ ತಿರುವಿನಲ್ಲಿ ಬೇರೆಯಾಗುತ್ತವೆ, ನಿಜ. ಕೋಲ ಕೊಟ್ಟರೆ ಉಣುಗು ಕಚ್ಚುವುದನ್ನು ಬಿಡದು. ಆದರೆ ಊರಿನವರ ಮನಸ್ಸಿನಲ್ಲಿ ಕಾಡು ಕಡಿಯುವುದಕ್ಕೂ ಕಾಯಿಲೆಗೂ ಸಂಬಂಧ ಆಗಲೇ ಕೂಡಿಬಂದಿತ್ತು. ಆ ನಂಬಿಕೆಯ ತುದಿ ಹಿಡಿದು ಅವರೊಡನೆ ಮಾತು ಬೆಳೆಸಬಹುದಾಗಿತ್ತು ಎನ್ನಿಸುತ್ತದೆ. ಕುತೂಹಲದ ಸಂಗತಿಯೆಂದರೆ, ಮೂವತ್ತು ವರ್ಷಗಳ ಮೇಲೆ, 2015ರಲ್ಲಿ ಗೋವೆಯ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಈ ಕಾಯಿಲೆ ಎದ್ದಾಗಲೂ ನೊಂದವರಲ್ಲಿ ಅನೇಕರು ಗೇರುತೋಟಗಳಲ್ಲಿ ದುಡಿಯುವವರು.

1990ರಿಂದ ನಮ್ಮದೇ ಲಸಿಕೆ ಬಂದಿತು. ಮೊದಲ ಪ್ರಯೋಗಗಳಲ್ಲಿ ಎರಡು ಸಲ ಚುಚ್ಚಿಸಿಕೊಂಡವರಿಗೆ ನೂರಕ್ಕೆ 94ರಷ್ಟು ರಕ್ಷಣೆ ಕಂಡಿತ್ತು. ಆದರೆ 2005ರಿಂದ 2010ರವರೆಗಿನ ಅನುಭವವನ್ನು ಲೆಕ್ಕ ಹಾಕಿದಾಗ ಅದು 62ಕ್ಕೆ ಇಳಿದಿತ್ತು. ಮೂರನೆಯದನ್ನೂ ಹಾಕಿಸಿಕೊಂಡವರಲ್ಲಿ 83. ಅಂಕಿಗಳಿಗಿಂತ ದೊಡ್ಡ ತೊಡಕು ಬೇರೆಯಿತ್ತು. ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷವರ್ಷವೂ ಒಂದು. ಚುಚ್ಚಿದ ತೋಳು ಬಹಳ ನೋಯುತ್ತಿತ್ತು. ದಿನಗೂಲಿಯವನಿಗೆ ನೋಯುವ ತೋಳೆಂದರೆ ಹೋದ ಕೂಲಿ. ಹೀಗಾಗಿ ಮೊದಲನೆಯದಕ್ಕೆ ಬಂದವರು ಎರಡನೆಯದಕ್ಕೆ ಬರಲಿಲ್ಲ, ಎರಡನೆಯದಕ್ಕೆ ಬಂದವರು ಮೂರನೆಯದಕ್ಕೆ ಬರಲಿಲ್ಲ. ಮತ್ತೊಂದು ಸಂಗತಿ: ಮಂಗ ಸತ್ತ ಅಥವಾ ಜ್ವರ ಬಂದ ಊರಿನ ಸುತ್ತ ಐದು ಕಿಲೋಮೀಟರಿನೊಳಗೆ ಲಸಿಕೆ ಹಾಕುವುದು ಕ್ರಮ. ಆದುದರಿಂದ ಮಂಗ ಸತ್ತದ್ದನ್ನು ಯಾರಾದರೂ ಕಂಡು, ಕಂಡದ್ದನ್ನು ಹೇಳಿ, ಹೇಳಿದ್ದನ್ನು ಕೇಳುವವರು ಬರೆದುಕೊಂಡರೆ ಮಾತ್ರ ಲಸಿಕೆಯೂ ಆ ದಾರಿ ಹಿಡಿದು ಬರುತ್ತದೆ. ಪ್ರಯೋಗಾಲಯ ಎಷ್ಟು ಮುಂದುವರಿದರೂ ವ್ಯವಸ್ಥೆಯೆಲ್ಲ 1957ರ ಆ ಹೆಸರಿಲ್ಲದವರ ಮೇಲೆಯೇ ನಿಂತಿತ್ತು. 2022ರಲ್ಲಿ, ಲಸಿಕೆಯ ಶಕ್ತಿ ಸಾಲದೆಂದು ತಿಳಿದು ಅದನ್ನು ನಿಲ್ಲಿಸಿದರು.

2012ರಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತಾಗ, ಅವುಗಳ ಕಳೇಬರಗಳನ್ನು ಸುಡುವ ಕೆಲಸಕ್ಕೆ ಹೋದವರಿಗೇ ಕಾಯಿಲೆ ಬಂದಿತು. ಸುದ್ದಿ ತಿಳಿಸಿದವನನ್ನೂ ಹೆಣ ಮುಟ್ಟುವವನನ್ನೂ ಕಾಪಾಡುವುದು ಹೇಗೆಂಬುದನ್ನು ಆಗಲೂ ನಾವು ಕಲಿತಿರಲಿಲ್ಲ. 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಮತ್ತೆ ಮಂಗಗಳು ಸತ್ತವು. 2019ರ ಆರಂಭದ ವಾರಗಳಲ್ಲಿ ಶರಾವತಿಯ ಆ ಕಣಿವೆ ಹಲವರನ್ನು ಕಳೆದುಕೊಂಡಿತು. ಮನೆಮನೆಗೆ ನಡೆದು ಉಣುಗು ಓಡಿಸುವ ತೈಲದ ಸೀಸೆ ಹಂಚಿದವರು, ಜ್ವರ ಬಂದವರನ್ನು ಹುಡುಕಿದವರು ಆಶಾ ಕಾರ್ಯಕರ್ತೆಯರು. ಈ ಚರಿತ್ರೆಯಲ್ಲಿ ವಿಜ್ಞಾನಿಗಳ ಹೆಸರುಗಳು ಬಂದಿವೆ. ಈ ಹೆಣ್ಣುಮಕ್ಕಳ ಹೆಸರುಗಳು ಬರುವುದಿಲ್ಲ.

ಆ ವರ್ಷಗಳಲ್ಲಿಯೇ ಇಂಗ್ಲೆಂಡಿನ ಮತ್ತು ನಮ್ಮ ದೇಶದ ಸಂಶೋಧಕರು ಕೂಡಿ ಬೇರೊಂದು ಕ್ರಮವನ್ನು ಹಿಡಿದರು. ಎಲ್ಲಿ ಕಾಯಿಲೆ ಏಳಬಹುದೆಂಬ ನಕ್ಷೆಯನ್ನು ತಾವೇ ಬರೆದು ತರುವ ಬದಲು, ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನು ಒಂದೆಡೆ ಕೂರಿಸಿ, ನಕ್ಷೆಯಲ್ಲಿ ಏನಿರಬೇಕೆಂದು ಮೊದಲು ಅವರನ್ನೇ ಕೇಳಿದರು. 2020ರಲ್ಲಿ ಪ್ರಕಟವಾದ ಅವರ ನಿರ್ಣಯದಂತೆ, ಕಾಡೂ ತೋಟವೂ ಹೆಣೆದುಕೊಂಡಿರುವ, ನಾಟಿ ದನಗಳು ಹೆಚ್ಚಾಗಿರುವ ಕಡೆ ಅಪಾಯ ಹೆಚ್ಚು. ಅರ್ಧ ಶತಮಾನದ ಹಿಂದೆ ಬೊಶೆಲ್ಲರು ಹೇಳಿದ್ದಕ್ಕೆ ಇದು ದೂರವಲ್ಲ. ಹೊಸತೆಂದರೆ ಮೂರು ಇಲಾಖೆಗಳು ಒಂದು ಮೇಜಿನ ಸುತ್ತ ಕುಳಿತದ್ದು. ಮಂಗ ಒಂದು ಇಲಾಖೆಗೆ, ದನ ಇನ್ನೊಂದಕ್ಕೆ, ಮನುಷ್ಯ ಮತ್ತೊಂದಕ್ಕೆ ಸೇರಿರುವ ನಾಡಿನಲ್ಲಿ ಮೂವರ ಮೇಲೂ ಓಡಾಡುವ ಉಣುಗಿಗೆ ಮಾತ್ರ ಇಲಾಖೆಯ ಹಂಗಿಲ್ಲ.

ಕೆಲವು ವರ್ಷಗಳ ಹಿಂದೆ ಆ ಕಡೆಯ ನೆಂಟರ ಮನೆಗೆ ಹೋಗಿದ್ದಾಗ ನೆರೆಮನೆಯ ಹಿರಿಯ ಹೆಂಗಸೊಬ್ಬರು ಕೊಟ್ಟಿಗೆಯ ಗೂಡಿನಲ್ಲಿದ್ದ ತೈಲದ ಸೀಸೆಯನ್ನು ತೋರಿಸಿದರು. ಮುಚ್ಚಳ ಬಿಚ್ಚಿದ ಗುರುತಿರಲಿಲ್ಲ. ಯಾಕಮ್ಮ ಹಚ್ಚಿಕೊಳ್ಳುವುದಿಲ್ಲವೆ ಎಂದೆ. “ಹಚ್ಕೊಂಡ್ರೆ ಆ ವಾಸನೆಗೆ ಹಸು ಹತ್ರ ಸೇರಿಸೋದಿಲ್ಲ ತಮ್ಮಾ, ಸೊರೆ ಬಿಡೋದಿಲ್ಲ” ಎಂದರು. ತೈಲದ ಗುಣಾವಗುಣಗಳ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಹಾಲು ಕರೆಯುವವಳ ಈ ಮಾತಿರಲಿಲ್ಲ. ಹಾಗೆಂದು ಅವರು ಸುಮ್ಮನಿದ್ದವರಲ್ಲ. ಬೆಟ್ಟದಿಂದ ಬಂದವರೇ ಒಳಗೆ ಕಾಲಿಡದೆ ಬಚ್ಚಲಿಗೆ ಹೋಗಿ ಹಂಡೆಯ ಬಿಸಿನೀರು ಹೊಯ್ದುಕೊಳ್ಳುತ್ತಾರೆ. ಉಟ್ಟದ್ದನ್ನು ಕುದಿನೀರಿಗೆ ಹಾಕುತ್ತಾರೆ. ಮೊಮ್ಮಕ್ಕಳ ಕಿವಿಯ ಹಿಂದೆ, ಮಂಡಿಯ ಸಂದಿಯಲ್ಲಿ ಉಣುಗು ಹುಡುಕುತ್ತಾರೆ. ಸರ್ಕಾರದ ಕರಪತ್ರವೂ ಹೇಳುವುದು ಇದನ್ನೇ.

ನಾನು ಹೊರಡುವಾಗ ಅವರು ಅಂಗಳದವರೆಗೆ ಬಂದು ಕೇಳಿದರು: “ಹೋದ ತಿಂಗ್ಳು ಹೊಳೆ ಆಚೆ ಒಂದು ಮುಸುವ ಸತ್ತಿತ್ತು. ನಾವೇ ಹೇಳಿಕಳಿಸಿದ್ವಿ. ಬಂದ್ರು, ಏನೋ ಕೊಯ್ದು ತಗೊಂಡ್ರು, ಸುಟ್ಟು ಹೋದ್ರು. ಅದಕ್ಕೆ ಕಾಯಿಲೆ ಇತ್ತೋ ಇಲ್ವೋ, ನಿಂಗೆ ಪೇಟೆ ಕಡೆ ಏನಾದ್ರೂ ಗೊತ್ತಾಯ್ತಾ?”